ಕೈಕಸುಬಿಗೂ ದಾಸೋಹ

ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ ಶರಣರಿಗೆ ಅವರ ಕಾಯಕವೇ ಹೆಸರಿನ ಭೂಷಣವಾಯಿತು. ನಾವಾದರೋ ವೈದ್ಯನಾಗಲಿರುವವನಿಗೆ ವಿದ್ಯಾರ್ಥಿವೇತನವಿತ್ತು ಹಿಗ್ಗುತ್ತೇವೆ. ಫಿಟ್ಟರ್, ವೆಲ್ಡರ್ ಕೆಲಸ ಕಲಿಯುವವನನ್ನು ಮರೆಯುತ್ತೇವೆ. ಆಮೇಲೆ ನುರಿತ ಕೆಲಸಗಾರರು ದೊರೆಯರೆಂದು ಹಲುಬುತ್ತೇವೆ!

2022ರಲ್ಲಿ ಕರ್ನಾಟಕದ 150 ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಹೊಸ ಯಂತ್ರಗಳೊಡನೆ ನವೀಕರಣಗೊಂಡವು. ಆದರೆ ಯಂತ್ರವಿದ್ದ ಮಾತ್ರಕ್ಕೆ ಬಡವರ ಮಕ್ಕಳು ಕಲಿಯಲು ಬರಲಾರರು. ಕಲಿಯುವ ಒಂದೆರಡು ವರ್ಷ ಮನೆಗೆ ಅವರ ಕೂಲಿ ತಪ್ಪುತ್ತದೆ. ಆ ಕೊರತೆಯನ್ನು ತುಂಬಿಕೊಡುವುದೇ ನಿಜವಾದ ನೆರವು. ಒಂದು ಹೊತ್ತಿನ ಅನ್ನ ಅಂದಿನ ಹಸಿವನ್ನು ತಣಿಸುತ್ತದೆ. ಕಲಿತ ಕೈ ತಾನೂ ಉಂಡು ನಾಲ್ವರಿಗೆ ನೀಡುತ್ತದೆ.

ಕೊಟ್ಟೆನೆಂಬ ಅಹಂಕಾರವುಳಿದರೆ ಅದು ಬರಿಯ ದಾನ. ಸಮಾಜದ್ದನ್ನು ಸಮಾಜಕ್ಕೆ ಸಲ್ಲಿಸಿದೆನೆಂಬ ಭಾವವಿದ್ದರೆ ದಾಸೋಹ. ಸದ್ಭಕ್ತರು ತಮ್ಮೂರಿನ ಒಬ್ಬ ವಿದ್ಯಾರ್ಥಿಯಿಂದಲೇ ಇದನ್ನು ಆರಂಭಿಸಬಾರದೇಕೆ?