ಉತ್ಸರ್ಗದ ಕೆರೆ ಮತ್ತು ಚಾರ್ಜಿಂಗ್ ಕೇಂದ್ರ

ಕೆರೆ, ಬಾವಿಗಳನ್ನು ಸಕಲರ ಬಳಕೆಗೆ ಬಿಟ್ಟುಕೊಡುವುದನ್ನು ಧರ್ಮಶಾಸ್ತ್ರ ‘ಉತ್ಸರ್ಗ’ ಎಂದು ಕರೆದು, ನಿರ್ದಿಷ್ಟ ವ್ಯಕ್ತಿಯೊಬ್ಬ ಸ್ವೀಕರಿಸುವ ದಾನದಿಂದ ಅದನ್ನು ಬೇರ್ಪಡಿಸುತ್ತದೆ. ಉತ್ಸರ್ಗವಾದ ಕೆರೆಯ ನೀರನ್ನು ಕಟ್ಟಿಸಿದವನೂ ಬಳಸಬಹುದು, ಆದರೆ ಒಡೆಯನಾಗಿ ಅಲ್ಲ, ಹಲವರಲ್ಲಿ ಒಬ್ಬನಾಗಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಂಥ ಮಲೆನಾಡಿನ ಊರುಗಳಲ್ಲಿ ವಿದ್ಯುತ್ ವಾಹನಗಳ ಸಾರ್ವಜನಿಕ ಚಾರ್ಜಿಂಗ್ ವ್ಯವಸ್ಥೆಯನ್ನು ಈ ದೃಷ್ಟಿಯಿಂದ ನೋಡಿದಾಗ ತೊಡಕೊಂದು ಎದುರಾಗುತ್ತದೆ: ಬಳಕೆದಾರ ಹಣ ತೆತ್ತಿರುವಾಗ ಅದು ಕೆರೆಯೋ, ಅಂಗಡಿಯೋ?

ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಸನ್ನಿಧಿಯಾಗಿ ನೆಲೆನಿಂತಿರುವ ಜೈನ ಪರಂಪರೆ ಇಲ್ಲಿ ಹೆಚ್ಚು ನಿಷ್ಠುರವಾದ ಅಳತೆಗೋಲನ್ನು ಒದಗಿಸುತ್ತದೆ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದನ್ನೇ ಆ ದರ್ಶನ ಕಳ್ಳತನವೆಂದು ಎಣಿಸಿ, ಅದರಿಂದ ದೂರವಿರುವುದನ್ನು ‘ಅಸ್ತೇಯ’ ವ್ರತವೆನ್ನುತ್ತದೆ. ಹಣ ಸಂದದ್ದು ಯೂನಿಟ್ಟುಗಳಿಗೆ. ಚಾರ್ಜ್ ಮುಗಿದ ಬಳಿಕವೂ ಕಾರನ್ನು ಅಲ್ಲಿಯೇ ಬಿಟ್ಟು ದೇವರ ದರ್ಶನಕ್ಕೋ ಊಟಕ್ಕೋ ಹೋದವನು ಆಕ್ರಮಿಸಿದ ಹೊತ್ತನ್ನು ಅವನಿಗೆ ಯಾರೂ ಕೊಟ್ಟಿಲ್ಲ. ಭಕ್ತಿಯ ನೆಪ (ಯಾತ್ರಾಸ್ಥಳಗಳಲ್ಲಿ ಇದು ಸುಲಭವಾಗಿ ಸಿಗುವ ನೆಪ) ಇದನ್ನು ಬದಲಿಸದು.

ಆದರೂ ಸರದಿಯೊಂದೇ ನ್ಯಾಯವೆನ್ನಲಾಗದು. ವೇಗದ ಚಾರ್ಜರಿನಲ್ಲಿ ಬ್ಯಾಟರಿ ಸುಮಾರು ಶೇ. 80 ದಾಟಿದ ಮೇಲೆ ಅದರ ರಕ್ಷಣೆಗಾಗಿ ವಿದ್ಯುತ್ತಿನ ಹರಿವು ತಗ್ಗುವುದರಿಂದ, ಕೊನೆಯ ಪಾಲು ತುಂಬುವುದಕ್ಕೆ ಹಿಂದೆ ಕಾದಿರುವವನ ಸಮಯವೇ ಹೆಚ್ಚು ವೆಚ್ಚವಾಗುತ್ತದೆ. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿಯುವ ವಾಹನಕ್ಕೆ ಬ್ರೇಕಿನ ಮೂಲಕವೇ ಸ್ವಲ್ಪ ಶಕ್ತಿ ಮರಳಿ ದೊರೆಯುವುದರಿಂದ, ಆ ಪಾಲಿನ ಮೇಲೆ ಅದರ ಹಕ್ಕು, ಬ್ಯಾಟರಿ ಬರಿದಾಗಿ ಘಟ್ಟ ಹತ್ತಿ ಬಂದ ವಾಹನದ ಹಕ್ಕಿಗಿಂತ ದುರ್ಬಲವೆಂದೇ ಹೇಳಬೇಕಾಗುತ್ತದೆ.