ಕಿವಿ ಮೊರೆಯುತ್ತದೆ ಎಂದರೆ

ಜ್ವರಕ್ಕೆ ಥರ್ಮಾಮೀಟರು ಸಾಕ್ಷಿ ಹೇಳುತ್ತದೆ. ಬಾವು ಕಣ್ಣಿಗೇ ಕಾಣುತ್ತದೆ. ಕಿವಿಯೊಳಗೆ ಹಗಲಿರುಳೂ ಜೀರುಂಡೆ ಕೂಗುತ್ತದೆ ಎನ್ನುವವಳಿಗೆ ಅವಳ ಮಾತೊಂದೇ ಸಾಕ್ಷಿ. ಅವಳು ಮನೋವೈದ್ಯರ ಮಾತ್ರೆ ನುಂಗುವವಳಾದರೆ ಆ ಸಾಕ್ಷಿಯೂ ಬಿದ್ದುಹೋಗುತ್ತದೆ.

ಮಂಗಳೂರಿನವರಿಗೆ ಮಲೇರಿಯಾ ಹೊಸತಲ್ಲ. 1990ರ ದಶಕದಲ್ಲಿ ಕಟ್ಟಡಗಳು ಎದ್ದಂತೆಲ್ಲ ಸೊಳ್ಳೆಗಳೂ ಎದ್ದವು. ಜ್ವರ ಬಿಗಡಾಯಿಸಿದವರಿಗೆ ಕ್ವಿನೈನ್ ಕೊಡುತ್ತಿದ್ದರು, ಅದರಿಂದ ಕಿವಿ ಮೊರೆಯುವುದುಂಟು. "ಅದು ಮದ್ದಿನ ಗುಣ" ಎಂದರೆ ಮುಗಿಯಿತು, ರೋಗಿಯನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಖಿನ್ನತೆಯ ಕೆಲವು ಮಾತ್ರೆಗಳಿಗೂ ಈ ಗುಣವುಂಟು. ಕೆಲವರಿಗೆ ಶುರು ಮಾಡಿದಾಗ, ಕೆಲವರಿಗೆ ತಟ್ಟನೆ ಬಿಟ್ಟಾಗ ಮೊರೆತ ಬರುತ್ತದೆ. ನಿದ್ದೆಯ, ಆತಂಕದ ಕೆಲವು ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಿದರೂ ಹಾಗೆಯೇ. ಆದರೆ ಖಿನ್ನತೆ, ನಿದ್ದೆಗೇಡು, ವಯಸ್ಸಿಗೆ ಬರುವ ಕಿವುಡು, ಇವುಗಳಲ್ಲೂ ಕಿವಿ ಮೊರೆಯುತ್ತದೆ. ಅದೇ ಮಾತ್ರೆಯಿಂದ ಮೊರೆತದ ಕಾಟ ತಗ್ಗಿದವರೂ ಇದ್ದಾರೆ. ಯಾವುದರಿಂದ ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ನನಗೆ ಪರಿಚಯದ ಗೃಹಿಣಿಯೊಬ್ಬರು ಮಾತ್ರೆ ಶುರುವಾದ ಮೂರನೆಯ ವಾರ ಮನೆಯಲ್ಲಿ ತುಳುವಿನಲ್ಲಿ "ಕೆಬಿಟ್ ಶಬ್ದ" ಎಂದರು. ಗಂಡ ಅದನ್ನು ವೈದ್ಯರಿಗೆ ಕನ್ನಡ, ಇಂಗ್ಲಿಷು ಬೆರೆಸಿ "ಧ್ವನಿ ಕೇಳಿಸುತ್ತದಂತೆ" ಎಂದು ದಾಟಿಸಿದರು. ವೈದ್ಯರು "ಆ ಧ್ವನಿ ಏನು ಹೇಳುತ್ತದೆ?" ಎಂದು ಕೇಳಿದರಂತೆ! ಸದ್ದಿಗೂ ಧ್ವನಿಗೂ ನಡುವೆ ಒಂದು ಹೆಣ್ಣಿನ ಬುದ್ಧಿಸ್ವಾಸ್ಥ್ಯವೇ ತೂಗಾಡಿತು.

ಮೊದಲೇ ಹೇಳಬಹುದಿತ್ತಲ್ಲ ಎಂದರೆ, ಹೇಳಿದರೆ ರೋಗಿ ಹೆದರಿ ಮಾತ್ರೆ ಬಿಡುತ್ತಾನೆ, ಇಲ್ಲದ ಸದ್ದನ್ನೂ ಕಾಯುತ್ತ ಕೂರುತ್ತಾನೆ ಎನ್ನುವವರಿದ್ದಾರೆ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೂ ನನಗದು ಒಪ್ಪಿಗೆಯಿಲ್ಲ. ಹೇಳದೇ ಇದ್ದರೂ ಹೆದರಿಕೆ ಹುಟ್ಟುತ್ತದೆ, ನನಗೆ ಹುಚ್ಚೇ ಹಿಡಿಯಿತು ಎಂಬ ಹೆದರಿಕೆ. ಅದು ಇನ್ನೂ ದೊಡ್ಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಚಿಕಿತ್ಸೆಯ ಗೊತ್ತಿರುವ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಅದರ 22ನೆಯ ಕಲಮು ಹೇಳುತ್ತದೆ. ನಮ್ಮ ಊರಿನಲ್ಲಿ ಆ ಭಾಷೆ ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು.

ಆಕೆ ಮಾತ್ರೆ ಬಿಡಲಿಲ್ಲ, ಅದು ಜಾಣತನ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ಬದಲಾದ ದಿನಕ್ಕೊಂದು ಗೀಟು, ಮೊರೆತ ಜಾಸ್ತಿಯಾದ ದಿನಕ್ಕೊಂದು ಸೊನ್ನೆ ಹಾಕಿ, ಮುಂದಿನ ಸಲ ಹಾಳೆಯನ್ನೇ ಹರಿದುಕೊಂಡು ತಾವೇ ವೈದ್ಯರೆದುರು ಕೂತರು. ಪ್ರಮಾಣ ಮೆಲ್ಲಮೆಲ್ಲನೆ ಇಳಿಯಿತು, ಸದ್ದೂ ಇಳಿಯಿತು. ಮಳೆ ನಿಂತ ರಾತ್ರಿಗಳಲ್ಲಿ ಈಗಲೂ ತೆಳ್ಳಗೆ ಕೇಳಿಸುತ್ತದಂತೆ. ಗಂಡ ಮಾತ್ರ ಇನ್ನೂ ಅರ್ಧವೇ ನಂಬಿದ್ದಾರೆ.