ಗಾಯಕ್ಕೆ ಸಾಕ್ಷಿ ಯಾರು?

1973ರ ಜುಲೈ 12ರಂದು ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು, ಸುಮಾರು 1.6ರಿಂದ 1.8 ಕೋಟಿ ಸೇವಾ ಕಡತಗಳು ನಾಶವಾದವು. ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕಕ್ಕೆ ಗಾಯವೊಂದೇ ಸಾಲದು. ಅದು ಶತ್ರುವಿನಿಂದಾದದ್ದು, ಚಿಕಿತ್ಸೆ ನಡೆದದ್ದು ಎಂಬುದಕ್ಕೆ ಪುರಾವೆ ಬೇಕು. ದಾಖಲೆ ತಿದ್ದುಪಡಿ ಮಂಡಳಿಯ ಮುಂದೆ ಅದನ್ನು ಒದಗಿಸುವ ಹೊಣೆ ಅರ್ಜಿದಾರನದೇ.

ಈ ಕಟ್ಟುನಿಟ್ಟನ್ನು ನಾನು ಹಳಿಯಲಾರೆ. ಕೇಳಿದವರಿಗೆಲ್ಲ ಕೊಟ್ಟರೆ ಪದಕದ ಬೆಲೆ ಇಳಿಯುತ್ತದೆ; ಆ ನಷ್ಟವೂ ಗಾಯಗೊಂಡವರದೇ. ಆದರೆ ಕಡತ ಕಾಯಬೇಕಿದ್ದದ್ದು ಸರ್ಕಾರ. ತನ್ನ ಸುಪರ್ದಿಯಲ್ಲಿ ಸುಟ್ಟದ್ದನ್ನು ತೊಂಬತ್ತು ದಾಟಿದ ಮುದುಕನಿಂದ ಕೇಳುವುದು ಯಾವ ನ್ಯಾಯ? ಅಂಥ ಕಡೆ ಜೊತೆಗಾರನ ಹೇಳಿಕೆ, ಮನೆಗೆ ಬರೆದ ಪತ್ರ, ಮೈಮೇಲಿನ ಕಲೆ ಹೆಚ್ಚು ತೂಗಬೇಕು. ಇದರಿಂದ ಒಬ್ಬಿಬ್ಬರು ಅನರ್ಹರಿಗೂ ಪದಕ ಸಿಕ್ಕೀತು. ಆ ತಪ್ಪಿನ ಭಾರವನ್ನು ಕಡತ ಕಳೆದವರೇ ಹೊರಲಿ.